ಒಂದು ಮೂಟೆ ಪೊಟ್ಟು

ನಾನು ಅಜ್ಜಿಯಾದೆ. ನಮ್ಮ ಮಂಜಿಗೆ ಹೆಣ್ಣು ಮಗು ಹುಟ್ಟಿದೆ. ಇವತ್ತು ಬೆಳಿಗ್ಗೆ ತಾಯಿ ಮಗು ಇಬ್ಬರೂ ಆಸ್ಪತ್ರೆಯಿಂದ ಮನೆಗೆ ಬಂದರು. ಜಟಕಾ ಇಳಿಯುವಾಗಲೇ ಮಗು ಅಳಲು ಶುರುಮಾಡಿತು. ಅಳು ಅಂದರೆ ಅಂಥಿಂಥ ಅಳುವಲ್ಲ, ಬೀದಿಯ ಕೊನೆಯಲ್ಲಿ ಸೈಕಲ್ಲಿಗೆ ಪಂಚರ್ ಹಾಕುತ್ತಿದ್ದವನು ಕೈಯಲ್ಲಿದ್ದ ಟ್ಯೂಬು ಬಿಟ್ಟು ತಿರುಗಿ ನೋಡಿದ. ಬೇರೆ ಯಾರಾದರೂ ಆಗಿದ್ದರೆ ಮಗುವನ್ನು ಎತ್ತಿ ತಟ್ಟಿ ಸುಮ್ಮನಾಗಿಸುತ್ತಿದ್ದರು. ನಾನು ಮಾತ್ರ ಬಾಗಿಲಲ್ಲಿ ನಿಂತು ಕೇಳುತ್ತಾ ಇದ್ದುಬಿಟ್ಟೆ. ಒಂದೇ ಉಸಿರಿಗೆ ಅಷ್ಟುದ್ದ ಅಳುವ ಎದೆ ನಮ್ಮ ಮಂಜಿಯ ಮಗಳಿಗೆ ಬಂದಿದೆಯಲ್ಲ, ನನಗೆ ಇನ್ನೇನು ಬೇಕು.

ಹಾಲಿನವನಿಗೆ ಹೇಳಿದೆ. ಸೊಪ್ಪಿನವಳಿಗೆ ಹೇಳಿದೆ. ಕರೆಂಟು ಬಿಲ್ಲು ಬರೆಯಲು ಬಂದವನಿಗೂ ಹೇಳಿ ಕೈಗೆ ಸಕ್ಕರೆ ಹಾಕಿದೆ. ಅವನು ಪಾಪ, "ಸಂತೋಷಮಮ್ಮಾ" ಅಂದು ಸಕ್ಕರೆ ಬಾಯಿಗೆ ಹಾಕಿಕೊಂಡೇ ಮೀಟರು ನೋಡಿದ.

ಬಾಣಂತಿ ಮನೆಗೆ ಬಂದ ಮೇಲೆ ಹಂಡೆಗಟ್ಟಲೆ ಬಿಸಿನೀರು ಬೇಕು. ಹಿತ್ತಲಲ್ಲಿ ನಮ್ಮತ್ತೆ ನಂಜಮ್ಮ ಹೊಟ್ಟಿನ ಒಲೆ ಹಚ್ಚಿದ್ದರು. ಅವರಿಗೆ ಈಗ ಬೆನ್ನು ಬಾಗಿದೆ, ಹಲ್ಲು ಅಷ್ಟೂ ಹೋಗಿದೆ, ಆದರೂ ಆ ಒಲೆಯನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಇವತ್ತು ಮರ ಕೊಯ್ಯುವ ಮಿಲ್ಲಿನಿಂದ ಬಂದ ಹೊಟ್ಟು ಹಲಸಿನ ಮರದ್ದು. ಅದು ಕಾದು ಕೆಂಪಗಾಗುವಾಗ ಒಂದು ಬಗೆಯ ಸಿಹಿ ವಾಸನೆ ಬರುತ್ತದೆ, ಬಿಸಿಲಲ್ಲಿಟ್ಟ ಹಳೆಯ ಹಲಸಿನ ಹಲಗೆಯ ಹಾಗೆ. ಮಗುವಿನ ಬಟ್ಟೆ ಹಿಂಡುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಮಂಜಿ ಚಿಕ್ಕದಿದ್ದಾಗ ನಮ್ಮ ಮನೆಗೆ ಬಂದ ಮೊದಲ ಹೊಟ್ಟೂ ಹಲಸಿನದೇ. ನಾನು ಓದಿದ್ದು ನಮ್ಮೂರು ಬೇರಿಕೆಯ ಶಾಲೆಯಲ್ಲಿ ಮೂರನೇ ಕ್ಲಾಸು. ಒತ್ತಕ್ಷರ ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಆದರೆ ಇವತ್ತು ಮನಸ್ಸು ಉಕ್ಕಿ ಬರುತ್ತಿದೆ, ಬರೆಯದಿದ್ದರೆ ನಿದ್ದೆ ಬಾರದು.

ಹೊಸೂರಿಗೆ ಈಗ ಕೈಗಡಿಯಾರದ ಕಾರ್ಖಾನೆಯೂ ಬಂದಿದೆ, ಅಳಿಯ ಅಲ್ಲೇ ಕೆಲಸಕ್ಕೆ ಹೋಗುತ್ತಾನೆ. ನಾವು ಬಂದ ಕಾಲದಲ್ಲಿ ಹೀಗಿರಲಿಲ್ಲ. ಆಗಿನ್ನೂ ಕಾರ್ಖಾನೆಗಳು ಒಂದೊಂದಾಗಿ ಕಾಂಪೌಂಡು ಕಟ್ಟಿಕೊಳ್ಳುತ್ತಿದ್ದವು. ನಮ್ಮ ಯಜಮಾನರಿಗೆ ಒಂದರಲ್ಲಿ ಕೆಲಸ ಸಿಕ್ಕಿತೆಂದು ನಾವು ಬೇರಿಕೆಯ ಹೊಲವನ್ನು ಮೈದುನನಿಗೆ ಬಿಟ್ಟು, ಪಾತ್ರೆ ಪಡಗ ಗಾಡಿಗೆ ಹಾಕಿಕೊಂಡು ಬಂದೆವು. ಯಜಮಾನರು, ನಾನು, ನಮ್ಮತ್ತೆ, ಆಗ ನಾಲ್ಕನೇ ಕ್ಲಾಸಿನಲ್ಲಿದ್ದ ಮಂಜಿ. ಸಿಕ್ಕಿದ್ದು ಹೆಂಚಿನ ಸಾಲುಮನೆಯಲ್ಲಿ ಒಂದು ಭಾಗ. ಮುಂದೆ ಒಂದು ಕೋಣೆ, ಹಿಂದೆ ಅಡುಗೆಗೆ ಒಂದು ಮೂಲೆ, ಅದರಾಚೆ ಚೋಟುದ್ದ ಹಿತ್ತಲು. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಅದೂ ಹೆಂಚಿನ ತನಕ ಏರಿರಲಿಲ್ಲ, ಮೇಲೆ ಒಂದು ಮೊಳ ಖಾಲಿ ಬಿಟ್ಟಿದ್ದರು. ಇಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ಸೀನು ಬರುತ್ತಿತ್ತು.

ಬೇರಿಕೆಯಲ್ಲಿ ಸೌದೆ ಎಂದರೆ ಬೇಲಿಯ ಒಣಕಲು, ಹೊಂಗೆಯ ರೆಂಬೆ, ಗೋಡೆಗೆ ತಟ್ಟಿದ ಬೆರಣಿ. ಕೈ ಚಾಚಿದರೆ ಸಿಗುತ್ತಿತ್ತು. ಇಲ್ಲಿ ಸೌದೆಯನ್ನು ಕಟ್ಟಿನ ಲೆಕ್ಕದಲ್ಲಿ ಕೊಳ್ಳಬೇಕು. ಆ ವರ್ಷವಂತೂ ಆಷಾಢದಲ್ಲಿ ಹಿಡಿದ ಜಡಿಮಳೆ ಬಿಡಲೇ ಇಲ್ಲ. ಕೊಂಡು ತಂದ ಸೌದೆಯೆಲ್ಲ ಹಸಿಹಸಿ. ಊದಿ ಊದಿ ನನ್ನ ಕಣ್ಣು ಕೆಂಡವಾಗುತ್ತಿತ್ತು. ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ಕೋಣೆಯೆಲ್ಲ ಸುತ್ತಿ, ಉಳಿದದ್ದು ಗೋಡೆ ಹಾರಿ ಪಕ್ಕದ ಮನೆಗೆ ಇಳಿಯುತ್ತಿತ್ತು.

ಪಕ್ಕದ ಮನೆಯವಳು ಸೆಲ್ವಿ. ಧರ್ಮಪುರಿ ಕಡೆಯವಳು, ನನಗಿಂತ ಸ್ವಲ್ಪ ದೊಡ್ಡವಳು. ಬಸ್‌ಸ್ಟ್ಯಾಂಡಿನ ಹತ್ತಿರ ಹೂವು, ಅರಿಶಿನ, ಕುಂಕುಮ ಮಾರುತ್ತಿದ್ದಳು. ಮಳೆಗಾಲವೆಂದು ಸೀರೆಯನ್ನು ಮನೆಯೊಳಗೇ ಹಗ್ಗಕ್ಕೆ ಹಾಕಿದರೆ ಅದಕ್ಕೆಲ್ಲ ನಮ್ಮ ಹೊಗೆ ಹಿಡಿಯುತ್ತಿತ್ತು. ಗೋಡೆಯಾಚೆಯಿಂದ ಕೂಗುವಳು, "ಒರೇ ಪೊಗೆ, ಒರೇ ಪೊಗೆ. ಕಣ್ಣೇ ಪೋಚ್ಚು." ಬರೀ ಹೊಗೆ, ಕಣ್ಣೇ ಹೋಯಿತು ಎಂದು.

ಬೇರಿಕೆಯವರಾದ ನಮಗೆ ಕನ್ನಡದ ಜೊತೆಗೆ ತೆಲುಗು ಬಾಯಲ್ಲಿ ಆಡುತ್ತಿತ್ತು, ತಮಿಳು ಅಷ್ಟಕ್ಕಷ್ಟೆ. ನಮ್ಮತ್ತೆ ಬೈಗುಳದಲ್ಲೂ ಪಾಠ ಕಲಿಯುವವರು. ರಾಗಿ ಬೀಸುತ್ತಾ ಕೂತಿದ್ದವರು ಕಿವಿ ನಿಮಿರಿಸಿದರು.

"ಕೇಳಿದ್ಯೇನೆ ರತ್ನಿ? ನಾವು ಹೊಗೆ ಅಂದ್ರೆ ಆವಮ್ಮ ಪೊಗೆ ಅಂತಾಳೆ. ಹಾಲು ಅಂದ್ರೆ ಪಾಲು. ಹಲ್ಲು ಅಂದ್ರೆ ಪಲ್ಲು. ಹೂವಾ ಅಂದ್ರೆ ಪೂವಾ. ಹಾ ಕಿತ್ತು ಪಾ ನೆಟ್ರೆ ಆಗೋಯ್ತು ತಮಿಳು. ಇದುಕ್ಕೆ ಮೇಷ್ಟ್ರು ಯಾಕೆ?"

"ಬೈತಾ ಅವ್ಳೆ ಅತ್ತೆ."

"ಬೈಲಿ ಬಿಡು. ಬೈದಂಗೂ ಆಯ್ತು, ಕಲಿಸ್ದಂಗೂ ಆಯ್ತು."

ಅತ್ತೆ ಹೀಗೆ ನಗಿಸಿದರೂ ನನಗೆ ನಗು ಬರುತ್ತಿರಲಿಲ್ಲ. ಮಂಜಿಗೆ ಗೂರಲು ಶುರುವಾಗಿತ್ತು. ಒಲೆ ಹಚ್ಚಿದ ಸ್ವಲ್ಪ ಹೊತ್ತಿಗೆ ಎದೆಯೊಳಗೆ ಸೀಟಿ ಊದಿದ ಹಾಗೆ ಸದ್ದು, ಭುಜ ಎತ್ತಿ ಎತ್ತಿ ಉಸಿರಾಡುವುದು, ಮಾತು ಅರ್ಧಕ್ಕೇ ನಿಲ್ಲುವುದು. ಡಾಕ್ಟರು ಮಾತ್ರೆ ಕೊಟ್ಟರು, ಜೊತೆಗೆ, "ಹೊಗೆಯಲ್ಲಿಟ್ಟು ಮಾತ್ರೆ ಕೊಟ್ಟರೆ ಏನೂ ಆಗಲ್ಲಮ್ಮ, ಮಗೂನ ಹೊಗೆಯಿಂದ ದೂರ ಇಡಿ" ಅಂದರು. ದೂರ ಎಂದರೆ ಎಲ್ಲಿ? ಮಳೆಗೆ ಹೊರಗೆ ಕೂರಿಸಿದರೆ ಶೀತ, ಒಳಗೆ ಕೂರಿಸಿದರೆ ಹೊಗೆ. ಸೀಮೆಣ್ಣೆ ಸ್ಟೌವು ಹಚ್ಚಿ ನೋಡಿದೆವು. ರೇಷನ್ನಿನ ಸೀಮೆಣ್ಣೆ ಮುದ್ದೆಗೆ ಎಸರಿಡುವುದರಲ್ಲೇ ಮುಗಿಯುತ್ತಿತ್ತು, ಅದರ ವಾಸನೆಗೂ ಮಂಜಿ ಕೆಮ್ಮುತ್ತಿತ್ತು. ಸಾಲುಮನೆಯ ಹೆಂಗಸರು ನನ್ನ ಕಿವಿಗೆ ಬೀಳುವ ಹಾಗೆಯೇ ಆಡಿಕೊಂಡರು, "ಗೂರಲು ಮಗು. ನಾಳೆ ಯಾರ ಮನೆ ಒಲೆ ಮುಂದೆ ಕೂತ್ಕೊಂತದೆ? ಯಾರು ಮಾಡ್ಕೊಂತಾರೆ?"

ಕೊನೆಗೆ ಯಜಮಾನರು ಒಂದು ತೀರ್ಮಾನಕ್ಕೆ ಬಂದರು. ನನ್ನ ಅಕ್ಕನನ್ನು ಅಂಚೆಟ್ಟಿ ಆಚೆಯ ನಾಟ್ರಾಂಪಾಳ್ಯಕ್ಕೆ ಕೊಟ್ಟಿತ್ತು. ಅಲ್ಲಿ ಅವರು ಮನೆಯ ಹೊರಗೆ, ಹುಣಸೆಮರದ ಕೆಳಗೆ ಚಪ್ಪರ ಹಾಕಿ ಅಡುಗೆ ಮಾಡುತ್ತಿದ್ದರು.

"ಆಯುಧಪೂಜೆಗೆ ನಿಮ್ಮ ಭಾವ ಬತ್ತಾನೆ. ವಾಪಸ್ ಹೋಗುವಾಗ ಮಂಜಿನ ಕರ್ಕೊಂಡು ಹೋಗ್ಲಿ" ಅಂದರು.

"ಎಷ್ಟು ದಿನಕ್ಕೆ?"

ಅವರು ಮುಖ ಆಕಡೆ ತಿರುಗಿಸಿಕೊಂಡು ಹೇಳಿದರು. "ಎದೆ ಸರಿಹೋಗೋವರ್ಗೂ. ಇಲ್ಲಿಟ್ಕೊಂಡು ಏನ್ ಮಾಡಾನ, ಅದು ಉಸಿರಿಗೆ ಒದ್ದಾಡೋದ ನೋಡ್ತಾ ಕೂತ್ಕೊಳಾನ?"

ಅವರದ್ದೂ ಕರುಳೇ. ಆದರೆ ನಾಟ್ರಾಂಪಾಳ್ಯದಲ್ಲಿ ಕನ್ನಡ ಶಾಲೆ ಇರಲಿಲ್ಲ. ಶಾಲೆ ಬಿಟ್ಟರೆ ಬಿಟ್ಟ ಹಾಗೆಯೇ ಎಂದು, ಮೂರನೇ ಕ್ಲಾಸಿಗೆ ಬಿಟ್ಟ ನನಗೆ ಗೊತ್ತಿತ್ತು. ಕಾಡಿನ ಊರು, ಮಳೆಗೆ ಹಳ್ಳ ಬಂದರೆ ಬಸ್ಸೂ ಇಲ್ಲ. ನನ್ನ ಒಬ್ಬಳೇ ಮಗಳು. ಮಂಜಿ ಎಲ್ಲವನ್ನೂ ಕೇಳಿಸಿಕೊಂಡಿತ್ತು. ಮಾರನೆಯ ದಿನದಿಂದ ಕೆಮ್ಮು ಬಂದರೆ ಲಂಗದ ಅಂಚು ಬಾಯಿಗೆ ತುರುಕಿಕೊಂಡು ಸದ್ದು ಅಡಗಿಸಲು ನೋಡುತ್ತಿತ್ತು. ಕೆಮ್ಮದಿದ್ದರೆ ಕಳಿಸುವುದಿಲ್ಲ ಎಂದು ಅದರ ಲೆಕ್ಕ.

ಅದನ್ನು ಮೊದಲು ಕಂಡದ್ದು ಅತ್ತೆ. ಅಂದು ಅವರು ಬೀಸುಕಲ್ಲಿನ ಮುಂದಿನಿಂದ ಎದ್ದವರು ಮತ್ತೆ ಕೂರಲಿಲ್ಲ. ನಮ್ಮತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅವರು ಏನನ್ನೂ ಬಿಸಾಡಿದ್ದನ್ನು ನಾನು ಕಂಡಿಲ್ಲ. ಒಲೆಯ ಬೂದಿ ಪಾತ್ರೆಗೆ, ಪಾತ್ರೆಯ ನೀರು ಹೀರೆಬಳ್ಳಿಗೆ, ಹೀರೆಯ ಒಣನಾರು ಬೆನ್ನುಜ್ಜಲು. ತಲೆಗೆ, ಸೀರೆಗೆ ಎರಡಕ್ಕೂ ಅಂಟುವಾಳದ ಕಾಯಿ. ಹರಿದ ಸೀರೆ ಕೌದಿಯಾಗಿ, ಕೌದಿ ಕಾಲೊರಸಾಗಿ, ಆಮೇಲೆ ಮಡಕೆ ಇಡುವ ಸಿಂಬಿಯಾಗುತ್ತಿತ್ತು. ಇದು ಜಿಪುಣತನವಲ್ಲ. ಭಿಕ್ಷುಕ ಬಂದರೆ ತಮ್ಮ ತಟ್ಟೆಯ ಮುದ್ದೆ ಎತ್ತಿಕೊಡುವ ಕೈಯದು. "ಒಂದು ವಸ್ತು ಬಿಸಾಕ್ಬೇಕು ಅಂದ್ರೆ ಅದ್ನ ಕೇಳ್ಬೇಕು ಕಣೆ, ನಿನ್ ಕೆಲ್ಸ ಮುಗೀತಾ ಅಂತ" ಅನ್ನುತ್ತಿದ್ದರು.

ಸೀಮೆಣ್ಣೆ ಕ್ಯೂನಿಂದ ವಾಪಸು ಬರುವಾಗ ಅವರು ಬಸ್‌ಸ್ಟ್ಯಾಂಡಿನ ಒಂದು ಟೀ ಅಂಗಡಿ ಮುಂದೆ ನಿಂತುಬಿಟ್ಟರಂತೆ. ಎಣ್ಣೆ ಡಬ್ಬದ ಒಲೆ, ಮೇಲೆ ಹಿತ್ತಾಳೆ ಬಾಯ್ಲರು. ಬೆಳಗಿನಿಂದ ಯಾರೂ ಊದಿಲ್ಲ, ಸೌದೆ ತುರುಕಿಲ್ಲ, ನೀರು ಮಾತ್ರ ಕುದಿಯುತ್ತಲೇ ಇದೆ.

"ಏನ್ ಪಾಟಿ, ಟೀ ಬೇಕಾ?" ಅಂಗಡಿಯವನು ಕೇಳಿದನಂತೆ.

"ಟೀ ಬ್ಯಾಡಪ್ಪ. ನಿನ್ ಒಲೆ ನೋಡ್ತಾ ಇವ್ನಿ."

"ನೋಡೋಕೆ ಕಾಸಿಲ್ಲ, ಚೆನ್ನಾಗಿ ನೋಡಿ."

ಅವರು ಚೆನ್ನಾಗಿಯೇ ನೋಡಿದರು. ಮನೆಗೆ ಬಂದವರು ಸೀಮೆಣ್ಣೆ ಡಬ್ಬ ಕೆಳಗಿಡುವ ಮೊದಲೇ ಹೇಳಿದರು, "ರತ್ನಿ, ಬೆಂಕಿ ಅದೆ, ಹೊಗೆ ಇಲ್ಲ. ಮರದ ಹೊಟ್ಟು ತುಂಬ್ತಾರೆ ಕಣೆ, ಬರೀ ಹೊಟ್ಟು."

ಮರ ಕೊಯ್ಯುವ ಮಿಲ್ಲು ನಮಗೆ ಗೊತ್ತಿತ್ತು. ಅಲ್ಲಿಯ ಹೊಟ್ಟನ್ನು ತಂದು ಕೆರೆ ಪಕ್ಕದ ಹಳ್ಳಕ್ಕೆ ಸುರಿಯುತ್ತಿದ್ದರು. ಮಳೆ ಬಂದರೆ ಅದು ಕೆರೆಗಿಳಿದು ನೀರು ಕಪ್ಪಾಗುತ್ತಿತ್ತು, ಬಿಸಿಲು ಬಂದರೆ ಯಾರೋ ಕಿಡಿ ಹಾಕಿ ದಿನಗಟ್ಟಲೆ ಹೊಗೆಯಾಡುತ್ತಿತ್ತು. ಅತ್ತೆ ಮಾರನೆಯ ದಿನ ಅಲ್ಲಿಗೂ ಹೋದರು. ಅಲ್ಲಿದ್ದ ಎಂಕಟಪ್ಪ ತೆಲುಗಿನವನು. "ಪೊಟ್ಟು ಎಂತ ಕಾವಾಲನ್ನಾ ತೀಸ್ಕಪೋಮ್ಮಾ," ಎಷ್ಟು ಬೇಕಾದರೂ ತೆಗೆದುಕೊಂಡು ಹೋಗು ತಾಯಿ ಅಂದನಂತೆ. ಅವನಿಗೆ ಅದು ಹೋದರೆ ಸಾಕಾಗಿತ್ತು.

ಆದರೆ ತರುವವರು ಯಾರು? ಅತ್ತೆಯ ಮಂಡಿ ಆ ಎರಡು ದಿನದ ನಡಿಗೆಗೇ ಊದಿಕೊಂಡಿತ್ತು. ಯಜಮಾನರು ಶಿಫ್ಟಿನಿಂದ ಬರುವಷ್ಟರಲ್ಲಿ ಮಿಲ್ಲು ಮುಚ್ಚಿರುತ್ತಿತ್ತು. ಮಂಜಿಯನ್ನು ಬಿಟ್ಟು ನಾನು ಹೋಗುವ ಹಾಗಿರಲಿಲ್ಲ. ಮಿಲ್ಲಿನ ಮುಂದಿನ ದಾರಿಯಲ್ಲೇ ದಿನಾ ಸಂಜೆ ಖಾಲಿ ಬುಟ್ಟಿ ಹೊತ್ತು ಬರುತ್ತಿದ್ದವಳು ಒಬ್ಬಳೇ, ಸೆಲ್ವಿ. ನಮಗೂ ಅವಳಿಗೂ ಮಾತಿಲ್ಲ.

"ಕೇಳು" ಅಂದರು ಅತ್ತೆ. "ಬಾಯಿ ನಿಂದು, ಮಗಳು ನಿನ್ನವಳು."

ನಾನು ಗೋಡೆಯ ಪಕ್ಕ ಕಲ್ಲು ಹತ್ತಿ ನಿಂತೆ. ಸೆಲ್ವಿ ಹಿತ್ತಲಲ್ಲಿ ಹೂ ಕಟ್ಟುತ್ತಿದ್ದಳು. ಅತ್ತೆಯ ಪಾಠ ತಲೆಯಲ್ಲಿತ್ತು. ಹಾ ಕಿತ್ತು ಪಾ ನೆಡು. ಹೊಟ್ಟು ಅಂದರೆ ಪೊಟ್ಟು. ತೆಲುಗಿನ ಎಂಕಟಪ್ಪನೂ ಪೊಟ್ಟು ಎಂದೇ ಅಂದಿದ್ದಾನೆ, ಇನ್ನು ಅನುಮಾನವೆಲ್ಲಿ?

"ಅಕ್ಕಾ, ನಾಳೆಕ್ಕು ವರುಂಬೋದು ಎನಕ್ಕು ಒರು ಮೂಟೆ ಪೊಟ್ಟು ವೇಣುಂ" ಅಂದೆ. ನಾಳೆ ಬರುವಾಗ ನನಗೆ ಒಂದು ಮೂಟೆ ಪೊಟ್ಟು ಬೇಕು ಎಂದು.

ಅವಳ ಕೈಯಲ್ಲಿದ್ದ ಹೂವು ಹಾಗೇ ನಿಂತಿತು. "ಮೂಟೆಯಾ?"

"ಆಮಾ ಅಕ್ಕಾ. ಒರು ಮೂಟೆ. ದಿನಾ ಬೇಕಾಗ್ತದೆ."

ಅವಳು ನನ್ನ ಹಣೆ ನೋಡಿದಳು, ಮುಖ ನೋಡಿದಳು, "ಸರಿ" ಅಂದಳು. ಅತ್ತೆಗೆ ಬಂದು ಹೇಳಿದೆ, ಒಪ್ಪಿಕೊಂಡಳು ಎಂದು. ಅತ್ತೆ ಅಂದರು, "ನೋಡ್ದಾ, ಭಾಷೆ ಬಂದ್ರೆ ಜಗಳ ಅರ್ಧ ಕಮ್ಮಿ."

ಮಾರನೆಯ ಸಂಜೆ ಸೆಲ್ವಿ ಬಂದಳು. ನಮ್ಮ ಬಾಗಿಲಿಗೆ ಅದೇ ಮೊದಲ ಸಲ. ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಕೈಯಲ್ಲಿ ತಟ್ಟೆ ಹಿಡಿದಿದ್ದಳು. ತಟ್ಟೆಯಲ್ಲಿ ಮಲ್ಲಿಗೆ, ಎಲೆ ಅಡಿಕೆ, ಕಾಗದದ ಒಂದು ದಪ್ಪ ಪೊಟ್ಟಣ. ತನ್ನ ತಮಿಳು ಕನ್ನಡ ಬೆರೆಸಿ ಹೇಳಿದಳು, "ರತ್ನಾ, ಮೂಟೆ ಎಲ್ಲೂ ಸಿಗಲ್ಲಮ್ಮ. ಹೊಸೂರು ಪೂರ್ತಿ ಸೇರಿಸಿದ್ರೂ ಮೂಟೆ ಆಗಲ್ಲ. ಪೊಟ್ಟಣ ತಂದಿದ್ದೀನಿ. ಮನೇಲಿ ಏನು ವಿಶೇಷ? ಯಾವ ಸಾಮಿಗೆ ಇಷ್ಟೊಂದು?"

ಪೊಟ್ಟಣ ಬಿಚ್ಚಿದರೆ ಕೆಂಪು ಕುಂಕುಮ.

ತಮಿಳಿನಲ್ಲಿ ಪೊಟ್ಟು ಎಂದರೆ ಹಣೆಯ ಬೊಟ್ಟು. ನಾನು ಅವಳ ಹತ್ತಿರ ದಿನಕ್ಕೊಂದು ಮೂಟೆ ಕುಂಕುಮ ಕೇಳಿದ್ದೆ. ಅದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಮ್ಮತ್ತೆಗೆ ಮೊದಲು ಅರ್ಥವಾಯಿತು. ಅವರು ಬಾಯಿಗೆ ಸೆರಗು ಹಿಡಿದು ಗೋಡೆಗೆ ಒರಗಿಕೊಂಡರು. ಮಂಜಿ ನಗಲು ಹೋಯಿತು, ನಗು ಕೆಮ್ಮಾಯಿತು, ಕೆಮ್ಮು ಗೂರಲಾಯಿತು. ಸೆಲ್ವಿಯ ಕೈಯ ತಟ್ಟೆ ಕೆಳಗಿಳಿಯಿತು. ಗೋಡೆಯಾಚೆ ಕೂತು ಅವಳು ಇಷ್ಟು ದಿನ ಕೇಳಿದ್ದು ಪಾತ್ರೆಯ ಸದ್ದು, ನಮ್ಮ ಮಾತು. ಈ ಸೀಟಿಯೂ ಕೇಳಿಸಿರಬೇಕು, ಆದರೆ ಅದು ಮಗುವಿನ ಎದೆಯದ್ದೆಂದು ಅವಳಿಗೆ ಗೊತ್ತಿರಲಿಲ್ಲ. ಮಂಜಿಯ ಪಕ್ಕ ಕೂತು ಬೆನ್ನು ನೀವಿದಳು.

"ಕೊಳಂದೆಗೆ, ಮಗೂಗೆ ಇದಾ?" ಅಂದಳು ನನ್ನ ಕಡೆ ನೋಡಿ. "ನಾನು ಸೀರೆಗೋಸ್ಕರ ಬೈತಿದ್ನಲ್ಲ."

ಆಮೇಲೆ ಅತ್ತೆ ಅರ್ಧ ತೆಲುಗಿನಲ್ಲಿ, ಅರ್ಧ ಕೈಯಲ್ಲಿ ಎಲ್ಲ ವಿವರಿಸಿದರು. ಡಬ್ಬ ತೋರಿಸಿದರು, ಗರಗಸ ಎಳೆದ ಹಾಗೆ ಕೈ ಆಡಿಸಿದರು. ಸೆಲ್ವಿ ಹಣೆ ಚಚ್ಚಿಕೊಂಡಳು. "ಅಯ್ಯೋ ಆಯಾ, ಅದು ಮರತ್ತೂಳ್. ನೀವು ನೋಡಿದ ಟೀ ಅಂಗಡಿ ನನ್ನ ತಮ್ಮಂದೇ."

ಮಾರನೆಯ ಸಂಜೆ ಅವಳ ಹೂವಿನ ಬುಟ್ಟಿಯಲ್ಲಿ ಹಲಸಿನ ಹೊಟ್ಟು ಬಂತು. ಬುಟ್ಟಿಯ ತಳದಲ್ಲಿ ಉಳಿದಿದ್ದ ಮಲ್ಲಿಗೆ ಎಸಳು ಅದರಲ್ಲಿ ಬೆರೆತಿತ್ತು.

ಸೆಲ್ವಿ ಹೇಳಿದ್ದಳು, ನಾಳೆ ನಾನು ವ್ಯಾಪಾರ ಮುಗಿಸಿ ಬಂದು ಡಬ್ಬಕ್ಕೆ ತುಂಬಿಕೊಡುತ್ತೇನೆ, ಕಾಯಿರಿ ಎಂದು. ನಮ್ಮತ್ತೆಗೆ ಕಾಯುವುದು ಬರುವುದಿಲ್ಲ. ಆಯುಧಪೂಜೆ ಹತ್ತಿರ ಬರುತ್ತಿತ್ತು. ಬೆಳಿಗ್ಗೆಯೇ ಹಳೆಯ ಎಣ್ಣೆ ಡಬ್ಬದ ಬುಡದ ಪಕ್ಕದಲ್ಲಿ ಒಂದು ಬಾಯಿ ಕೊರೆದರು. ಆ ಬಾಯಿಯಿಂದ ಒಳಗೆ ಒಂದು ಕೋಲು ತೂರಿಸಿ, ಅದರ ತುದಿಗೆ ಸರಿಯಾಗಿ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ತುಂಬಿ ಗುದ್ದಿದರು. ಬಾಟಲಿ, ಕೋಲು ಎರಡನ್ನೂ ತೆಗೆದರೆ ಒಳಗೆ ಗಾಳಿ ಆಡುವ ದಾರಿ ಉಳಿಯಬೇಕು. ಲೆಕ್ಕ ಸರಿಯಿತ್ತು. ಆದರೆ ಬಾಟಲಿಯನ್ನು ಗಡ್ಡೆ ಕಿತ್ತ ಹಾಗೆ ಒಂದೇ ಸಲ ಎಳೆದರು. ಹೊಟ್ಟೂ ತೇವವಾಗಿತ್ತು. ಬೆಂಕಿ ಹಚ್ಚಿದ ಮೇಲೆ ಒಳಗಿನ ದಾರಿ ಕುಸಿದು, ಎಂಥ ಹಸಿ ಸೌದೆಗೂ ಬಾರದ ಹೊಗೆ ಬಂತು. ಡಬ್ಬವನ್ನು ಹಿತ್ತಲಿಗೆ ಎಳೆಯುವಷ್ಟರಲ್ಲಿ ಮಂಜಿಯ ತುಟಿ ನೀಲಿಯಾಗಿತ್ತು. ಯಜಮಾನರು ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದರು.

ಅದಕ್ಕೆ ಇಂಜೆಕ್ಷನ್ ಹಾಕಿಸಿಕೊಂಡು ಬಂದ ಮೇಲೆ ಅವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನ ಸಾಕವ್ವ. ಮಂಜಿ ಬಟ್ಟೆ ಗಂಟು ಕಟ್ಟಿಡು ರತ್ನಿ" ಅಂದರು, ಅಷ್ಟೆ.

ನಾನು ಗಂಟು ಕಟ್ಟಿದೆ. ಎರಡು ಲಂಗ, ಸ್ಲೇಟು. ಸ್ಲೇಟನ್ನು ಇಡುವುದೋ ಬೇಡವೋ ಎಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದು, ಕೊನೆಗೆ ಅದನ್ನೂ ಇಟ್ಟೆ. ಅತ್ತೆ ಹಿತ್ತಲಲ್ಲಿ ಆ ಡಬ್ಬದ ಮುಂದೆ ಕೂತು, ಅದಕ್ಕೆ ಬುದ್ಧಿ ಹೇಳುವವರ ಹಾಗೆ ನೋಡುತ್ತಿದ್ದರು.

ಸುದ್ದಿ ಕೇಳಿದ ಸೆಲ್ವಿ ಮಾರನೆಯ ದಿನ ವ್ಯಾಪಾರಕ್ಕೆ ಹೋಗಲಿಲ್ಲ. ಹೂವನ್ನು ಇನ್ನೊಬ್ಬಳಿಗೆ ವಹಿಸಿ ಬಂದಳು. ಹೊಟ್ಟನ್ನು ಮೊರಕ್ಕೆ ಹಾಕಿ ಬೆರಳಲ್ಲಿ ಹಿಂಡಿ ನೋಡಿ, "ಈರಂ, ತೇವ" ಅಂದಳು. ಕಾವಲಿಯ ಮೇಲೆ ಅದನ್ನು ಹುರಿದೆವು. ಹೊಟ್ಟು ಹುರಿಯುತ್ತಾರಾ ಎಂದು ಸಾಲುಮನೆಯೆಲ್ಲ ಬಗ್ಗಿ ನೋಡಿತು. ಒಂದೊಂದು ಹಿಡಿ ಹಾಕಿದಾಗಲೂ ಮಟ್ಟಸವಾಗಿ ಗುದ್ದಿಸಿದಳು. ಕೊನೆಗೆ ಬಾಟಲಿ ಹಿಡಿದು ಅತ್ತೆಯ ಕೈ ಮೇಲೆ ತನ್ನ ಕೈ ಇಟ್ಟಳು.

"ಎಳೀಬೇಡಿ ಆಯಾ. ಕುಂಕುಮದ ಭರಣಿ ಮುಚ್ಚಳ ತೆಗಿಯೋ ತರ. ತಿರುಗಿಸಿ, ತಿರುಗಿಸಿ, ಮೆಲ್ಲಗೆ."

ಬಾಟಲಿ ಮೇಲೆ ಬಂತು. ಒಳಗೆ ಬಾವಿಯ ಹಾಗೆ ನುಣುಪಾದ ದಾರಿ ನಿಂತಿತ್ತು. ಹಿತ್ತಲಲ್ಲೇ ಹಚ್ಚಿ, ಮೊದಲ ಹೊಗೆ ಹೋಗುವ ತನಕ ಕಾದು, ಗೋಣಿ ಹಿಡಿದು ಎತ್ತಿ ಹಿಂಬಾಗಿಲ ಬಳಿ, ಗಾಳಿಯಾಡುವ ಕಡೆ ಇಟ್ಟೆವು. ಒಳಗೆ ಕೆಂಪು ಬೆಳಕು, ಮೇಲೆ ಬಿಸಿ, ಅಷ್ಟೆ. ಅನ್ನಕ್ಕಿಟ್ಟೆ, ಸಾರಿಗಿಟ್ಟೆ, ಮುದ್ದೆಗೆ ಎಸರಿಟ್ಟೆ. ಮಂಜಿ ಕೋಣೆಯ ಮೂಲೆಯಲ್ಲಿ ನೆಲದ ಮೇಲೆ ಬಳಪದಿಂದ ಮಗ್ಗಿ ಬರೆಯುತ್ತಿತ್ತು. ನಾನು ಮುದ್ದೆ ತಿರುವುತ್ತಿರುವಾಗ ತಲೆ ಎತ್ತಿ ಕೇಳಿತು,

"ಅಮ್ಮಾ, ಹೊಟ್ಟೆ ಹಸೀತದೆ. ಇನ್ನೂ ಒಲೆ ಹಚ್ಚಿಲ್ವಾ?"

ಅತ್ತೆ ಹೇಳಿದರು, "ಇಲ್ಲ ಕಣವ್ವ. ಇನ್ಮೇಲೆ ನಮ್ಮನೇಲಿ ಒಲೆ ಹಚ್ಚಲ್ಲ."

ಅಲ್ಲಿಂದ ಆಚೆ ಅತ್ತೆಯನ್ನು ಹಿಡಿಯುವವರೇ ಇರಲಿಲ್ಲ. ಅಡುಗೆಯಾದ ಮೇಲೆ ಡಬ್ಬದಲ್ಲಿ ಉಳಿಯುವ ಕಾವಿನ ಮೇಲೆ ತಟ್ಟೆಯಿಟ್ಟು ನಾಳೆಯ ಹೊಟ್ಟನ್ನು ಒಣಗಿಸಿದರು. ಹುರುಳಿ, ಅವರೆ ಬೇಯಲು ಹೊತ್ತು ಹಿಡಿಯುತ್ತದಲ್ಲ, ಅದಕ್ಕೂ ಒಂದು ದಾರಿ ಕಂಡುಕೊಂಡರು. ಕೋಳಿಯನ್ನು ಕಾವಿಗೆ ಕೂರಿಸುತ್ತಿದ್ದ ಹಳೆಯ ಕುಕ್ಕೆಯಲ್ಲಿ ರಾಗಿಹುಲ್ಲು ಒತ್ತಿ ತುಂಬಿ, ಕುದಿ ಬಂದ ಮಡಕೆಯನ್ನು ಅದರೊಳಗಿಟ್ಟು, ಮೇಲೆ ಹುಲ್ಲು, ಅದರ ಮೇಲೆ ಕೌದಿ ಮುಚ್ಚಿದರು. ಮಧ್ಯಾಹ್ನಕ್ಕೆ ತೆಗೆದರೆ ಕಾಳು ಹಿಸುಕಿದ ಕಡೆ ಕರಗುತ್ತಿತ್ತು. "ಮೊಟ್ಟೆನೇ ಮರಿ ಆಗ್ತದಂತೆ, ಕಾಳು ಬೇಯಾಕಿಲ್ವಾ?" ಎಂದು ಅವರ ಪ್ರಶ್ನೆ. ಕೌದಿ ಹೊದ್ದ ಮಡಕೆಯನ್ನು ನೋಡಿ ಮಂಜಿ, "ಅಜ್ಜೀ, ಸಾರಿಗೆ ಜ್ವರ ಬಂದದಾ?" ಅಂದಿತು. ನಕ್ಕಿತು. ಆ ನಗು ಕೆಮ್ಮಾಗಲಿಲ್ಲ.

ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ಮೆಷೀನಿಗೆಲ್ಲ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಯಜಮಾನರು ಪುರಿ ಪ್ರಸಾದ ತಂದರು. ನಾಟ್ರಾಂಪಾಳ್ಯದಿಂದ ಭಾವ ಬಂದರು. ಕಟ್ಟಿಟ್ಟ ಗಂಟು ಇನ್ನೂ ಮೂಲೆಯಲ್ಲೇ ಇತ್ತು, ಬಿಚ್ಚು ಎಂದು ಯಜಮಾನರೂ ಹೇಳಿರಲಿಲ್ಲ, ಬಿಚ್ಚಲು ನನಗೂ ಧೈರ್ಯವಿರಲಿಲ್ಲ. ಅತ್ತೆ ಕುಡುಗೋಲು, ಒನಕೆ, ಬೀಸುಕಲ್ಲು ಎಲ್ಲವನ್ನೂ ತೊಳೆದು ಸಾಲಾಗಿಟ್ಟು, ಕೊನೆಯಲ್ಲಿ ಆ ತುಕ್ಕು ಹಿಡಿದ ಡಬ್ಬವನ್ನೂ ಇಟ್ಟರು. ಸೆಲ್ವಿ ತಂದಿದ್ದ ಪೊಟ್ಟಣ ಬಿಚ್ಚಿ ಅದಕ್ಕೆ ಕಾಸಿನಗಲ ಕುಂಕುಮ ಹಚ್ಚಿದರು.

"ಏನತ್ತೆ, ಡಬ್ಬಕ್ಕೂ ಪೂಜೇನಾ?" ಭಾವ ನಕ್ಕರು.

"ಹೂಂ ಕಣಪ್ಪ. ಈ ಕುಂಕುಮ ಬಂದಿದ್ದೇ ಅದ್ರ ಹೆಸ್ರಲ್ಲಿ."

ಭಾವ ಎರಡು ದಿನ ಇದ್ದರು. ಬೆಳಿಗ್ಗೆ ಸಂಜೆ ಆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. ರಾತ್ರಿ ಮಂಜಿ ಉಸಿರಾಡುವುದನ್ನೂ ಕೇಳಿಸಿಕೊಂಡರು. ಹೊರಡುವ ದಿನ ಯಜಮಾನರು ಮೂಲೆಗೆ ಹೋಗಿ, ಗಂಟು ಬಿಚ್ಚಿ, ಸ್ಲೇಟು ತೆಗೆದು ಮಂಜಿಯ ಕೈಗೆ ಕೊಟ್ಟರು. "ಶಾಲೆಗೆ ಹೊತ್ತಾಯ್ತು, ಹೋಗು" ಅಂದರು. ಅತ್ತೆ ಭಾವನಿಗೆ ಇನ್ನೊಂದು ಡಬ್ಬ ಕೊರೆದು ಕೊಟ್ಟರು, ಬಾಟಲಿಯ ಸಮೇತ. ಮಗುವನ್ನು ಕರೆದುಕೊಂಡು ಹೋಗಲು ಬಂದವರು ಡಬ್ಬ ಹೊತ್ತುಕೊಂಡು ಅಂಚೆಟ್ಟಿ ಬಸ್ಸು ಹತ್ತಿದರು.

ಗೂರಲು ಪೂರ್ತಿ ಬಿಟ್ಟುಹೋಯಿತು ಎಂದು ನಾನು ಹೇಳುವುದಿಲ್ಲ. ಚಳಿಗಾಲದಲ್ಲಿ ಒಮ್ಮೊಮ್ಮೆ ಇಣುಕುತ್ತಿತ್ತು. ಆದರೆ ಮಂಜಿ ನಮ್ಮ ಮನೆಯಲ್ಲೇ ಬೆಳೆಯಿತು, ಇಲ್ಲೇ ಹತ್ತನೇ ಕ್ಲಾಸು ಪಾಸಾಯಿತು, ಮದುವೆಯಾಯಿತು. ಸಾಲುಮನೆಯಲ್ಲಿ ಆಡಿಕೊಂಡವರೆಲ್ಲ ಒಬ್ಬೊಬ್ಬರಾಗಿ ಡಬ್ಬ ತಂದು ಅತ್ತೆಯ ಮುಂದೆ ಇಟ್ಟು, ಕೊರೆಸಿಕೊಂಡು ಹೋದರು. ಕೆರೆ ಪಕ್ಕದ ಹೊಟ್ಟಿನ ಗುಡ್ಡೆ ಕರಗಿತು.

ಈಗ ಇವತ್ತಿನ ಮಾತಿಗೆ ಬರುತ್ತೇನೆ. ಮಧ್ಯಾಹ್ನ ಮಗುವಿಗೆ ನೀರು ಹಾಕಿದೆವು. ನೀರು ಹಾಕಿದ ಮೇಲೆ ಕೂಸಿಗೂ ಬಾಣಂತಿಗೂ ಹೊಗೆ ಹಾಕುವುದು ನಮ್ಮಲ್ಲಿ ಪದ್ಧತಿ. ಬೀಗಿತ್ತಿ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ, ಓಮ ಎಲ್ಲ ತಂದಿದ್ದರು. ನಮ್ಮತ್ತೆ ಅದನ್ನು ಮರ್ಯಾದೆಯಿಂದ ಇಸಿದುಕೊಂಡು ಗೂಡಿನಲ್ಲಿಟ್ಟರು. "ಬ್ಯಾಸ್ರ ಮಾಡ್ಕೋಬ್ಯಾಡ ಕಣವ್ವ. ಈ ಮನೇಲಿ ಹೊಗೆ ಹಾಕಲ್ಲ" ಅಂದರು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆರುತ್ತಿದ್ದ ಡಬ್ಬದ ಪಕ್ಕ ಕೂತರು. ಅದರ ಕಾವಿಗೆ ಅಂಗೈ ಹಿಡಿದು, ಆ ಅಂಗೈಯಿಂದ ಮಗುವಿನ ತಲೆ ನೇವರಿಸಿ, ಕೂದಲನ್ನು ಎಳೆ ಎಳೆಯಾಗಿ ಒಣಗಿಸಿದರು. ಮಗು ಮುಷ್ಟಿ ಬಿಚ್ಚಿ ನಿದ್ದೆ ಹೋಯಿತು.

ಸಂಜೆ ದೃಷ್ಟಿಬೊಟ್ಟು ಇಡಬೇಕಾಯಿತು. ಮಡಕೆಯ ತಳದ ಮಸಿ ತೆಗೆದು ಕೆನ್ನೆಗೆ ಒತ್ತುವುದು ಎಲ್ಲರ ಮನೆಯ ವಾಡಿಕೆ. ನಾನು ಸಾರಿನ ಮಡಕೆ ಎತ್ತಿ ತಳ ಒರೆಸಿದೆ, ಬೆರಳಿಗೆ ಏನೂ ಅಂಟಲಿಲ್ಲ. ಅನ್ನದ ಪಾತ್ರೆ ನೋಡಿದೆ, ಅತ್ತೆ ಬೂದಿ ಹಾಕಿ ಬೆಳಗಿ ಕನ್ನಡಿ ಮಾಡಿದ್ದರು. ಹಂಡೆ ತಡವಿದೆ. ಮನೆಯೆಲ್ಲ ಹುಡುಕಿದರೂ ಒಂದು ಕೂಸಿನ ಕೆನ್ನೆಗಾಗುವಷ್ಟು ಮಸಿ ಇಲ್ಲ. ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ಮಸಿ ಇಲ್ದಿರೋ ಮನೆಗೆ ಯಾರ ದೃಷ್ಟಿ ಆಗ್ತದೆ ಬಿಡು" ಅಂದರು. ಗಂಟು ಕಟ್ಟು ಎಂದಿದ್ದ ಬೆಳಿಗ್ಗೆ ಅವರಿಗೂ ನೆನಪಾಗಿರಬೇಕು.

ನಾನು ಅದೇ ಹಳೆಯ ಕಲ್ಲು ಹತ್ತಿ ಗೋಡೆಯಾಚೆ ಕೂಗಿದೆ. "ಸೆಲ್ವಿಯಕ್ಕಾ, ಕೊಳಂದೆಗೆ ಪೊಟ್ಟು ಬೇಕು."

ಆಚೆಯಿಂದ ಅವಳ ದನಿ ಬಂತು. "ಎಷ್ಟು ಮೂಟೆ ರತ್ನಾ?"

ಕಾಡಿಗೆಯ ಭರಣಿ ಹಿಡಿದು ಬಂದಳು. ಅವಳ ತಲೆಯೂ ಈಗ ಬೆಳ್ಳಗಾಗಿದೆ. ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ ತೆಗೆದು, ಮಗುವಿನ ಕೆನ್ನೆಗೆ ಒಂದು, ಅಂಗಾಲಿಗೆ ಒಂದು ಬೊಟ್ಟಿಟ್ಟಳು. ಉಳಿದದ್ದನ್ನು ಮಂಜಿಯ ಕಿವಿಯ ಹಿಂದೆ ಒರೆಸಿದಳು. "ಇದೂ ನಂದೇ ಕೊಳಂದೆ" ಅಂದಳು.

ಹೊರಟವಳನ್ನು ಅತ್ತೆ ಬಿಡಲಿಲ್ಲ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಯಜಮಾನರು, ಅಳಿಯ, ಬೀಗಿತ್ತಿ, ಸೆಲ್ವಿ, ಗೋಡೆಗೆ ಒರಗಿ ಮಂಜಿ. ಬಾಣಂತಿಗೆ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ. ನಮಗೆಲ್ಲ ಮುದ್ದೆ. ಅತ್ತೆ ಕೌದಿ ಸರಿಸಿ, ಹುಲ್ಲು ತೆಗೆದು, ಬೆಳಿಗ್ಗೆ ಕಾವಿಗೆ ಕೂರಿಸಿದ್ದ ಅವರೆಕಾಳಿನ ಮಡಕೆ ಎತ್ತಿದರು. ಮುಚ್ಚಳ ತೆಗೆದಾಗ ಮನೆ ತುಂಬ ಅವರೆಯ ಘಮ. ಅಷ್ಟರಲ್ಲಿ ಮಗು ಎದ್ದು ಮತ್ತೆ ಅದೇ ಉದ್ದನೆಯ ಅಳು ತೆಗೆಯಿತು. ಮಂಜಿ ಏಳಲು ಹೋದಳು.

"ನೀನು ಉಣ್ಣು" ಅಂದರು ಅತ್ತೆ. "ಒಂದ್ ಗಳಿಗೆ ಅಳ್ಲಿ. ಕೇಳಾನ."

ನಾವೆಲ್ಲ ತುತ್ತು ಕೈಯಲ್ಲಿ ಹಿಡಿದು ಕೇಳಿದೆವು. ಆಮೇಲೆ ಅತ್ತೆ ಮಗುವನ್ನು ಎತ್ತಿ ತೊಡೆಗೆ ಹಾಕಿಕೊಂಡು, ತಮ್ಮ ಹಲ್ಲಿಲ್ಲದ ಬಾಯಿಗೆ ಮುದ್ದೆ ಮುರಿದು ಹಾಕಿಕೊಂಡು ನುಂಗಿದರು. ಸೆಲ್ವಿ ಇನ್ನೊಂದು ಸೌಟು ಸಾರಿಗೆ ತಟ್ಟೆ ಚಾಚಿದಳು.